ಹುಲ್ಲು ಕೊಯ್ಯುವ ಯಂತ್ರ: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಕಾರವಾರ, ಅಂಕೋಲಾ ಕಡೆ ಹುಲ್ಲನ್ನು ಯಾರೂ ಬಿತ್ತಬೇಕಾಗಿಲ್ಲ. ಜೂನ್ ತಿಂಗಳ ಮೊದಲ ನಾಲ್ಕು ಮಳೆ ಬಿದ್ದರೆ ಸಾಕು, ಮೇ ತಿಂಗಳಿನಲ್ಲಿ ಕೆಂಪಗೆ ಕಾದು ಬಿದ್ದಿದ್ದ ನೆಲವೆಲ್ಲ ಹಸಿರಾಗುತ್ತದೆ. ಆಗಸ್ಟ್ ಹೊತ್ತಿಗೆ ಹಿತ್ತಲಿನ ಹುಲ್ಲು ಮೊಣಕಾಲು ದಾಟಿ, ಬಾವಿಕಟ್ಟೆಗೆ ಹೋಗುವ ಕಾಲುದಾರಿ ಕಾಣದಂತಾಗಿರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುವ ಊರುಗಳಿವು. ಹುಲ್ಲು ಬೆಳೆಯದಿದ್ದರೇ ಆಶ್ಚರ್ಯ.

ಮೊದಲು ಈ ಹುಲ್ಲು ಯಾರಿಗೂ ತೊಂದರೆಯಾಗಿರಲಿಲ್ಲ. ಕೊಟ್ಟಿಗೆಯಲ್ಲಿ ನಾಲ್ಕು ದನ ಇದ್ದವು. ಬೆಳಿಗ್ಗೆ ಎದ್ದು ಕತ್ತಿ ಹಿಡಿದು ಒಂದು ಹೊರೆ ಹುಲ್ಲು ತರುವುದು ಮನೆಯ ಹೆಂಗಸರ ದಿನನಿತ್ಯದ ಕೆಲಸವಾಗಿತ್ತು. ಈಗ ಹಲವು ಕೊಟ್ಟಿಗೆಗಳಲ್ಲಿ ದನಗಳ ಬದಲು ಬೈಕು ನಿಂತಿದೆ. ಮಕ್ಕಳು ಗೋವಾಕ್ಕೋ ಬೆಂಗಳೂರಿಗೋ ಹೋಗಿದ್ದಾರೆ. ಕೂಲಿಗೆ ಆಳು ಸಿಗುವುದು ಕಷ್ಟ. ಹೀಗಾಗಿ ಮಳೆಗಾಲದಲ್ಲಿ ಒಂದು ದಿನ ಬಿಸಿಲು ಕಂಡರೂ ಊರೆಲ್ಲ ‘ಕರ್ರ್’ ಎಂಬ ಸದ್ದು ಕೇಳಿಬರುತ್ತದೆ. ಅದೇ ಕಳೆ ಕೊಚ್ಚುವ ಯಂತ್ರ, ಜನರ ಬಾಯಲ್ಲಿ ಹುಲ್ಲು ಕೊಯ್ಯುವ ಮಿಷನ್ನು.

ಈ ಮಿಷನ್ನು ಪೇಟೆಯ ಅಂಗಡಿಯಲ್ಲಿ ಒಂದು ಬೆಲೆಗಿದ್ದರೆ ಮೊಬೈಲಿನಲ್ಲಿ ಅದರ ಅರ್ಧ ಬೆಲೆಗೆ ಕಾಣಿಸುತ್ತದೆ. ಯಾವುದನ್ನು ಕೊಳ್ಳುವುದು ಎಂದು ಪಾಲಕರು ತಲೆ ಕೆರೆದುಕೊಳ್ಳುತ್ತಾರೆ. ನನ್ನ ಸಲಹೆ ಇಷ್ಟೇ: ಹಣ ಕೊಡುವ ಮೊದಲು ಮನೆಯಲ್ಲಿ 9ನೆಯ ಅಥವಾ 10ನೆಯ ತರಗತಿಯಲ್ಲಿ ಓದುವ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೇಕಾಗುವ ವಿಜ್ಞಾನವೂ ಗಣಿತವೂ ಅವರ ಪಠ್ಯಪುಸ್ತಕದಲ್ಲೇ ಇವೆ. ಚೀಟಿಯ ಮೇಲಿನ ಬೆಲೆ ಬೇರೆ, ಯಂತ್ರಕ್ಕೆ ನಾವು ಕೊಡುವ ಬೆಲೆ ಬೇರೆ ಎಂಬುದು ಆಗ ಗೊತ್ತಾಗುತ್ತದೆ.

ಗಾಲಿಯದೋ, ಹೆಗಲಿನದೋ?

ವಿದೇಶಿ ಸಿನಿಮಾಗಳಲ್ಲಿ ಮನೆಯ ಮುಂದೆ ತಳ್ಳಿಕೊಂಡು ಹೋಗುವ ಗಾಲಿಯ ಯಂತ್ರವನ್ನು ನೋಡಿರುತ್ತೀರಿ. ಅದು ಲಾನ್ ಮೋವರ್. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್ ಎಂಬಾತ 1830ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮೇಲೆದ್ದ ನವಿರುಗಳನ್ನು ಸಮನಾಗಿ ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿ, ಇದನ್ನೇ ಹುಲ್ಲಿನ ಮೇಲೆ ಉರುಳಿಸಿದರೆ ಹೇಗೆ ಎಂದು ಅವನಿಗೆ ಹೊಳೆಯಿತಂತೆ. ಜಮಖಾನೆ ಹಾಸಿದಂತೆ ಸಮತಟ್ಟಾದ, ವಾರಕ್ಕೊಮ್ಮೆ ಕತ್ತರಿಸುವ ಗಿಡ್ಡ ಹುಲ್ಲಿಗೆ ಅದು ಸರಿ. ಕಚೇರಿಯ ಮುಂದಿನ ಹುಲ್ಲುಹಾಸಿಗೆ, ಉದ್ಯಾನಕ್ಕೆ ಈಗಲೂ ಅದೇ ಬೇಕು. ಅಂಥ ಸಣ್ಣ ಹುಲ್ಲುಹಾಸು ನಿಮ್ಮ ಮನೆಯ ಮುಂದಿದ್ದರೆ, ಎಂಜಿನ್ನೇ ಇಲ್ಲದೆ ಕೈಯಿಂದ ತಳ್ಳುವ ಉರುಳೆ ಮಾದರಿ ಎಲ್ಲಕ್ಕಿಂತ ಅಗ್ಗ. ಅಲಗು ಮಸೆಸುವುದು ಬಿಟ್ಟರೆ ಅದಕ್ಕೆ ಖರ್ಚೇ ಇಲ್ಲ.

ಆದರೆ ನಮ್ಮ ಹಿತ್ತಲು ಜಮಖಾನೆಯಲ್ಲ. ಚಿರೇಕಲ್ಲಿನ ಚೂರು, ತೆಂಗಿನ ಬುಡದ ಕಟ್ಟೆ, ನೀರಿನ ಕಾಲುವೆ, ನಾಚಿಕೆಮುಳ್ಳು, ಲಂಟಾನ ಎಲ್ಲವೂ ಅಲ್ಲಿವೆ. ಗಾಲಿ ನಾಲ್ಕು ಹೆಜ್ಜೆ ಹೋಗುವುದರೊಳಗೆ ಸಿಕ್ಕಿಬೀಳುತ್ತದೆ. ಇಲ್ಲಿಗೆ ಬೇಕಾದದ್ದು ಉದ್ದ ಕೊಳವೆಯ ತುದಿಯಲ್ಲಿ ತಿರುಗುವ ಅಲಗು ಅಥವಾ ನೈಲಾನ್ ದಾರ ಇರುವ, ಹೆಗಲಿಗೆ ತೂಗುಹಾಕಿಕೊಳ್ಳುವ ಬ್ರಶ್ ಕಟರ್. ದಾರದಿಂದ ಹುಲ್ಲು ಕತ್ತರಿಸುವ ಉಪಾಯ ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ ಎಂಬಾತನದು. ಕಾರು ತೊಳೆಯುವ ಯಂತ್ರದಲ್ಲಿ ಗಿರಗಿರನೆ ತಿರುಗುವ ಕುಂಚಗಳನ್ನು ಕಂಡು, 1971ರಲ್ಲಿ ಡಬ್ಬಿಯೊಂದಕ್ಕೆ ಎಳೆಗಳನ್ನು ಸಿಕ್ಕಿಸಿ ತಿರುಗಿಸಿ ನೋಡಿದ. ಆ ದೇಶದ ಚಳಿಯ ಪ್ರಾಂತಗಳಲ್ಲಿರುವ ನಮ್ಮ ನೆಂಟರಿಷ್ಟರಿಗೆ ಬೇಸಿಗೆಗೆ ಹುಲ್ಲಿನ ಯಂತ್ರವೂ ಬೇಕು, ಚಳಿಗಾಲಕ್ಕೆ ಅಂಗಳದ ಹಿಮ ಎಸೆಯುವ ಯಂತ್ರವೂ ಬೇಕು. ನಮಗೆ ಒಂದರ ಖರ್ಚು ಮಾತ್ರ ಎಂದು ಸಮಾಧಾನಪಟ್ಟುಕೊಳ್ಳಬಹುದು.

ಸಿ.ಸಿ. ಎಂದರೇನು?

ಜಾಹೀರಾತಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ‘52 ಸಿ.ಸಿ.’ ಎಂಬ ದಪ್ಪ ಅಕ್ಷರ. ಸಿ.ಸಿ. ಎಂದರೆ ಘನ ಸೆಂಟಿಮೀಟರ್, ಎಂಜಿನ್ನಿನೊಳಗೆ ಪಿಸ್ಟನ್ ಓಡಾಡುವ ಜಾಗದ ಗಾತ್ರ. ಸಿಲಿಂಡರಿನ ಘನಫಲ ಕಂಡುಹಿಡಿಯುವ ಸೂತ್ರ ಮಕ್ಕಳಿಗೆ ಬಾಯಿಪಾಠ. ಹೋಂಡಾ ಕಂಪನಿಯ ಜಿಎಕ್ಸ್ 35 ಎಂಬ ಎಂಜಿನ್ನಿನ ಒಳವ್ಯಾಸ 39 ಮಿ.ಮೀ., ಪಿಸ್ಟನ್ನಿನ ಓಟ 30 ಮಿ.ಮೀ. ತ್ರಿಜ್ಯ 1.95 ಸೆಂ.ಮೀ.; ಅದರ ವರ್ಗವನ್ನು 3.14ರಿಂದಲೂ ಎತ್ತರ 3 ಸೆಂ.ಮೀ.ನಿಂದಲೂ ಗುಣಿಸಿದರೆ 35.8 ಸಿ.ಸಿ. ಬರುತ್ತದೆ. ಅಂಗಡಿಯವರು ಕೊಟ್ಟ ಕರಪತ್ರದಲ್ಲಿ ಈ ಎರಡು ಅಳತೆ ಇದ್ದರೆ ನೀವೂ ಗುಣಿಸಿ ನೋಡಿ. ಒಳವ್ಯಾಸ 40, ಓಟ 34 ಮಿ.ಮೀ. ಎಂದಿದ್ದರೆ ಅದು 43 ಸಿ.ಸಿ.ಯ ಎಂಜಿನ್. ಪೆಟ್ಟಿಗೆಯ ಮೇಲೆ ಬೇರೆ ಸಂಖ್ಯೆ ಇದ್ದರೆ ಅಂಥ ಅಂಗಡಿಯಿಂದ ಎದ್ದು ಬರುವುದು ಲೇಸು.

ಹಾಗೆಂದು ಸಿ.ಸಿ. ಹೆಚ್ಚಿದ್ದದ್ದೇ ಒಳ್ಳೆಯದು ಎನ್ನಲಾಗದು. ಪಾತ್ರೆ ದೊಡ್ಡದಾದರೆ ಅಕ್ಕಿಯೂ ಹೆಚ್ಚು ಬೇಕು. ಬರೀ ಹುಲ್ಲು, ಎಳೆಯ ಕಳೆಗೆ 25ರಿಂದ 35 ಸಿ.ಸಿ. ಧಾರಾಳ. ಹೆಬ್ಬೆರಳು ಗಾತ್ರದ ಕಾಂಡದ ಲಂಟಾನ, ಮುಳ್ಳುಪೊದೆ ಸವರುವವರಿಗೆ ಮಾತ್ರ 40ಕ್ಕಿಂತ ಮೇಲಿನದು ಬೇಕಾಗುತ್ತದೆ.

ನಿಜವಾಗಿ ಗಮನಿಸಬೇಕಾದದ್ದು ಎಂಜಿನ್ ಎರಡು ಸ್ಟ್ರೋಕಿನದೋ ನಾಲ್ಕು ಸ್ಟ್ರೋಕಿನದೋ ಎಂಬುದನ್ನು. ಹಳೆಯ ಲೂನಾ, ಚೇತಕ್ ಓಡಿಸಿದ ಪಾಲಕರಿಗೆ ಪೆಟ್ರೋಲ್ ಬಂಕಿನಲ್ಲಿ ಟು-ಟಿ ಎಣ್ಣೆ ಹಾಕಿಸಿಕೊಂಡದ್ದು, ಹಿಂದಿನಿಂದ ನೀಲಿ ಹೊಗೆ ಬರುತ್ತಿದ್ದದ್ದು ನೆನಪಿರಬಹುದು. ಅವು ಎರಡು ಸ್ಟ್ರೋಕಿನ ಗಾಡಿಗಳು. ಅವುಗಳಲ್ಲಿ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುವುದರೊಳಗೆ ಎಲ್ಲ ಕೆಲಸ ಮುಗಿಯಬೇಕು. ಸುಟ್ಟ ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲ್-ಗಾಳಿ ಒಳಗೆ ನುಗ್ಗುತ್ತದೆ. ಹೀಗೆ ಬಂದದ್ದರಲ್ಲಿ ಒಂದು ಪಾಲು ಸುಡದೆಯೇ ಹೊಗೆಯ ಜೊತೆ ಹೊರಟುಹೋಗುತ್ತದೆ. ಸಾದಾ ಎಂಜಿನ್ನುಗಳಲ್ಲಿ ಇದು ನಾಲ್ಕನೆಯ ಒಂದು ಪಾಲಿನಷ್ಟಾಗುವುದೂ ಉಂಟು. ನಾಲ್ಕು ಲೀಟರ್ ಹಾಕಿದರೆ ಒಂದು ಲೀಟರ್ ಗಾಳಿಗೆ ಹೋದಂತೆ. ನಾಲ್ಕು ಸ್ಟ್ರೋಕಿನದರಲ್ಲಿ ಎಳೆಯುವುದು, ಒತ್ತುವುದು, ಸುಡುವುದು, ಹೊರಹಾಕುವುದು ಒಂದಾದ ಮೇಲೊಂದು ನಡೆಯುತ್ತವೆ. ಕವಾಟಗಳು ಹೊತ್ತುಹೊತ್ತಿಗೆ ಮುಚ್ಚಿ ತೆರೆಯುವುದರಿಂದ ಪೆಟ್ರೋಲ್ ಅಷ್ಟಾಗಿ ಸೋರುವುದಿಲ್ಲ, ಹೊಗೆಯೂ ಕಡಿಮೆ.

ಎರಡು ಸ್ಟ್ರೋಕಿನದು ಹಗುರ, ಒಳಭಾಗಗಳು ಕಡಿಮೆ, ಬೆಲೆಯೂ ಕಡಿಮೆ. ಮೊಬೈಲಿನಲ್ಲಿ ಹತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಕಾಣಿಸುವ ಯಂತ್ರಗಳು ಹೆಚ್ಚಾಗಿ ಇವೇ. ಹೆಸರಾಂತ ಕಂಪನಿಗಳ ನಾಲ್ಕು ಸ್ಟ್ರೋಕಿನ ಯಂತ್ರಕ್ಕೆ ಅದರ ಎರಡು-ಮೂರು ಪಟ್ಟು ಕೊಡಬೇಕಾಗುತ್ತದೆ. ಆದರೆ ಎರಡು ಸ್ಟ್ರೋಕಿನದಕ್ಕೆ ಪ್ರತಿ ಸಲ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಪುಸ್ತಿಕೆಯಲ್ಲಿ 25:1 ಎಂದಿದ್ದರೆ ಒಂದು ಲೀಟರಿಗೆ 40 ಮಿ.ಲೀ., 40:1 ಎಂದಿದ್ದರೆ 25 ಮಿ.ಲೀ., 50:1 ಎಂದಿದ್ದರೆ 20 ಮಿ.ಲೀ. ಎಣ್ಣೆ. ಅನುಪಾತದ ಈ ಲೆಕ್ಕ ಏಳನೆಯ ತರಗತಿಯ ಹುಡುಗನಿಗೂ ಬರುತ್ತದೆ. ಆದರೂ ಬಾಟಲಿಯ ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವವರೇ ಹೆಚ್ಚು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡು ಯಂತ್ರ ಕೆಡುತ್ತದೆ. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ದೊಡ್ಡ ಸಿರಿಂಜೊಂದನ್ನು ಇದಕ್ಕೆಂದೇ ತಂದಿಟ್ಟುಕೊಳ್ಳಿ.

ನಾಲ್ಕು ಸ್ಟ್ರೋಕಿನದರಲ್ಲಿ ಎಣ್ಣೆಗೆ ಬೇರೆಯೇ ಜಾಗವಿದೆ. ಹಿಡಿಯುವುದು ಸುಮಾರು 100 ಮಿ.ಲೀ. ಮಾತ್ರ. ಅಷ್ಟೇ ಇರುವುದರಿಂದ ಬೇಗ ಕೊಳೆಯಾಗುತ್ತದೆ. ಹೊಸದರಲ್ಲಿ ಹತ್ತು ಗಂಟೆ ಓಡಿದ ಮೇಲೊಮ್ಮೆ, ಆಮೇಲೆ ಐವತ್ತು ಗಂಟೆಗೊಮ್ಮೆ ಬದಲಿಸಬೇಕು. ಇದನ್ನು ಮರೆಯುವವರಿಗೆ ನಾಲ್ಕು ಸ್ಟ್ರೋಕಿನ ಯಂತ್ರವೂ ದುಬಾರಿಯೇ.

ದಾರವೂ ಕಲ್ಲೂ

ಮೆತ್ತನೆಯ ನೈಲಾನ್ ದಾರ ಹುಲ್ಲನ್ನು ಕತ್ತರಿಸುವುದು ಹೇಗೆ? ತಲೆ ನಿಮಿಷಕ್ಕೆ 6,000 ಸುತ್ತು, ಅಂದರೆ ಸೆಕೆಂಡಿಗೆ ನೂರು ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ದಾರದ ತುದಿ ಸುತ್ತುವ ವೃತ್ತದ ವ್ಯಾಸ 40 ಸೆಂ.ಮೀ. ಆದರೆ ಪರಿಧಿ 1.26 ಮೀಟರ್. ಸೆಕೆಂಡಿಗೆ ನೂರು ಸುತ್ತೆಂದರೆ 126 ಮೀಟರ್, ಗಂಟೆಗೆ 450 ಕಿ.ಮೀ.! ಕೊಂಕಣ ರೈಲ್ವೆಯ ಯಾವ ಗಾಡಿಯೂ ಇದರ ಹತ್ತಿರ ಸುಳಿಯದು. ಆ ವೇಗದಲ್ಲಿ ಮುಕ್ಕಾಲು ಗ್ರಾಂ ತೂಕದ ದಾರದ ತುಂಡು, ತುದಿಗೆ ಸುಮಾರು ನಾಲ್ಕು ಕಿಲೋ ತೂಕ ಕಟ್ಟಿ ಎಳೆದಂತೆ ಬಿಗಿಯಾಗಿ ನಿಲ್ಲುತ್ತದೆ. ಹುಲ್ಲಿಗೆ ಅದು ಕೋಲಿನ ಪೆಟ್ಟು, ಕಲ್ಲಿಗೆ ತಾಗಿದರೆ ಬಾಗಿ ಸವೆಯುತ್ತದೆ ಅಷ್ಟೇ.

ಉಕ್ಕಿನ ಅಲಗಿನ ಕಥೆ ಬೇರೆ. 25 ಸೆಂ.ಮೀ. ವ್ಯಾಸದ ಅಲಗಿನ ಅಂಚು ಗಂಟೆಗೆ 280 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅದಕ್ಕೆ ಹತ್ತು ಗ್ರಾಮಿನ ಚಿರೇಕಲ್ಲಿನ ಚೂರು ಸಿಕ್ಕಿ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹಾರಿತೆನ್ನಿ. ಅದರ ಚಲನಶಕ್ತಿ 18 ಜೂಲ್. ಒಂದು ಕಿಲೋ ತೂಕದ ಬಟ್ಟನ್ನು ಆಳೆತ್ತರದಿಂದ ಬೀಳಿಸಿದಷ್ಟು. ಆ ಪೆಟ್ಟು ಒಂದು ಬಟಾಣಿ ಗಾತ್ರದ ಜಾಗದ ಮೇಲೆ, ಅದೂ ಕಣ್ಣಿನ ಮೇಲೆ ಬಿದ್ದರೆ ಏನಾದೀತು ಎಂದು ವಿವರಿಸಬೇಕಿಲ್ಲ. ಯಂತ್ರ ಓಡುವಾಗ ಸುತ್ತ 15 ಮೀಟರಿನೊಳಗೆ ಯಾರೂ ಇರಕೂಡದೆಂದು ಪುಸ್ತಿಕೆಗಳಲ್ಲಿ ಬರೆದಿರುವುದು ಇದಕ್ಕಾಗಿಯೇ. ನಮ್ಮಲ್ಲಿ ಅಪ್ಪ ಹುಲ್ಲು ಕೊಯ್ಯುವಾಗ ಪುಟ್ಟ ಮಗ ಹಿಂದೆಯೇ ನಿಂತು ನೋಡುತ್ತಿರುತ್ತಾನೆ.

ದಾರ ಬೇಗ ಸವೆಯುತ್ತದೆಂದು ಕೆಲವರು ತಂತಿಯನ್ನೋ ಸೈಕಲ್ ಚೈನಿನ ತುಂಡನ್ನೋ ಕಟ್ಟುತ್ತಾರೆ. ಇದನ್ನು ಯಾರೂ, ಯಾವ ಕಾರಣಕ್ಕೂ ಮಾಡಬಾರದು. ತುಂಡಾದ ತಂತಿ ಗುಂಡಿನಂತೆ ಹಾರುತ್ತದೆ.

ದಾರಕ್ಕೂ ಒಂದು ದೋಷವಿದೆ. ಎಳೆಯ ಗಿಡದ ಬುಡಕ್ಕೆ ತಾಗಿದರೆ ತೊಗಟೆಯನ್ನು ಸುತ್ತಲೂ ಸುಲಿದುಬಿಡುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಆ ದಾರಿ ಕಡಿದರೆ ಗಿಡ ನಿಧಾನವಾಗಿ ಸಾಯುತ್ತದೆ. ಅಂಕೋಲಾದ ಕರಿ ಇಷಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರ ಕಸಿ ಗಿಡ ನೆಟ್ಟವರು ಬುಡದ ಸುತ್ತ ಒಂದು ಮೊಳ ಜಾಗವನ್ನು ಕೈಯಿಂದಲೇ ಬಿಡಿಸಬೇಕು. ಹಾಗೆಯೇ ದನಕ್ಕೆ ಹಾಕುವ ಹುಲ್ಲಿಗೆ ಅಲಗೇ ಮೇಲು. ದಾರ ಹುಲ್ಲನ್ನು ಚಿಂದಿ ಮಾಡಿ ಮಣ್ಣಿನ ಜೊತೆ ಕಲಸಿಬಿಡುತ್ತದೆ. ಅದನ್ನು ದನ ಮೂಸಿ ನೋಡಿ ಮುಖ ತಿರುಗಿಸುತ್ತದೆ.

ಇನ್ನು ಸದ್ದು. ಇಂಥ ಎಂಜಿನ್ನಿನ ಸದ್ದು ಓಡಿಸುವವನ ಕಿವಿಯ ಬಳಿ ಸುಮಾರು 100 ಡೆಸಿಬೆಲ್ ಇರುತ್ತದೆ. ದಿನಕ್ಕೆ ಎಂಟು ಗಂಟೆ ಕೇಳಬಹುದಾದ ಸದ್ದಿನ ಮಿತಿ 85 ಡೆಸಿಬೆಲ್, ಅಲ್ಲಿಂದ ಪ್ರತಿ ಮೂರು ಡೆಸಿಬೆಲ್ ಏರಿದಾಗ ಕೇಳುವ ಅವಧಿಯನ್ನು ಅರ್ಧ ಮಾಡಬೇಕು ಎನ್ನುವುದು ತಜ್ಞರ ಲೆಕ್ಕ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, ಹೀಗೆ ಇಳಿಯುತ್ತ ಬಂದರೆ 100ಕ್ಕೆ ಉಳಿಯುವುದು ಹದಿನೈದೇ ನಿಮಿಷ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಮ್ ಬೂಟು, ಇಷ್ಟನ್ನು ಯಂತ್ರದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ. ಇವನ್ನು ಕೊಳ್ಳಲು ದುಡ್ಡು ಉಳಿಯದಷ್ಟು ಬೆಲೆಯ ಯಂತ್ರ ಬೇಡ.

ಶಾಲೆಗಳ ಬಗ್ಗೆ ಇಲ್ಲೇ ಒಂದು ಮಾತು. ಆಗಸ್ಟ್ 15ರ ಮುಂಚಿನ ವಾರ ಆಟದ ಮೈದಾನದ ಹುಲ್ಲು ತೆಗೆಸುವುದು ಕರಾವಳಿಯ ಪ್ರತಿ ಶಾಲೆಗೂ ಇರುವ ಚಿಂತೆ. ಊರಿನ ಯಾರಾದರೂ ಯಂತ್ರ ತಂದು ಕೊಯ್ದುಕೊಟ್ಟರೆ ಸಂತೋಷವೇ. ಆದರೆ ಅದು ಮಕ್ಕಳಿಲ್ಲದ ಹೊತ್ತಿನಲ್ಲಿ, ಶಾಲೆ ಬಿಟ್ಟ ಮೇಲೋ ಭಾನುವಾರವೋ ಆಗಬೇಕು. ಒಂಬತ್ತನೆಯ ತರಗತಿಯ ಗಟ್ಟಿಮುಟ್ಟಾದ ಹುಡುಗನ ಹೆಗಲಿಗೆ ಯಂತ್ರ ಏರಿಸಿ ‘ನೀನೇ ಮಾಡು’ ಎನ್ನುವುದು ಶ್ರಮದಾನವಲ್ಲ. ಕೊಯ್ದ ಹುಲ್ಲನ್ನು ಗುಡಿಸಿ ರಾಶಿ ಹಾಕುವುದು ಮಕ್ಕಳ ಪಾಲಿಗಿರಲಿ, ಅದೂ ಒಮ್ಮೆ ಕೋಲಿನಿಂದ ಕೆದಕಿ, ಹಾವು-ಹುಳ ಇಲ್ಲವೆಂದು ನೋಡಿದ ಮೇಲೆ.

ಕೊಳ್ಳಬೇಕೇ, ಬೇಡವೇ?

ಈಗ ಹಣದ ಲೆಕ್ಕಕ್ಕೆ ಬರೋಣ. ಯಂತ್ರ ಸಮೇತ ಬರುವ ಆಳಿನ ದಿನದ ದರ ಊರಿಂದ ಊರಿಗೆ ಬೇರೆ. ಲೆಕ್ಕಕ್ಕಾಗಿ 1,500 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ಜಾಗಕ್ಕೆ ವರ್ಷಕ್ಕೆ ಮೂರು ದಿನದ ಕೆಲಸವಿದ್ದರೆ ಖರ್ಚು 4,500. ಸ್ವಂತಕ್ಕೆ 24,000ದ ಯಂತ್ರ ಕೊಂಡು ಎಂಟು ವರ್ಷ ಬಾಳಿಸಿದರೆ ವರ್ಷಕ್ಕೆ 3,000. ಗಂಟೆಗೆ ಅರ್ಧದಿಂದ ಒಂದು ಲೀಟರ್ ಪೆಟ್ರೋಲ್, ಎಣ್ಣೆ, ದಾರ, ಸಣ್ಣಪುಟ್ಟ ರಿಪೇರಿ ಸೇರಿ ಇನ್ನೊಂದು ಎರಡು-ಮೂರು ಸಾವಿರ. ಬೆವರು ನಿಮ್ಮದೇ. ಮೂರು ದಿನದ ಕೆಲಸಕ್ಕೆ ಕೊಂಡರೆ ನಷ್ಟ, ಎಂಟು-ಹತ್ತು ದಿನದ ಕೆಲಸವಿದ್ದರೆ ಲಾಭ. ಹತ್ತು ಸಾವಿರದ ಯಂತ್ರ ಅಗ್ಗವೆನಿಸಿದರೂ ಬಿಡಿಭಾಗ ಸಿಗದೆ ಎರಡೇ ಮಳೆಗಾಲಕ್ಕೆ ಮೂಲೆ ಸೇರಿದರೆ ವರ್ಷಕ್ಕೆ ಬಿದ್ದದ್ದು ಐದು ಸಾವಿರ. ನಿಮ್ಮ ಊರಿನ ದರ, ನಿಮ್ಮ ದಿನಗಳನ್ನು ಹಾಕಿ ಮಕ್ಕಳಿಂದಲೇ ಈ ಲೆಕ್ಕ ಮಾಡಿಸಿ.

ಕಾರವಾರ ಪೇಟೆಯಲ್ಲೋ ಸದಾಶಿವಗಡದಲ್ಲೋ ಮನೆಯ ಸುತ್ತ ಎರಡು-ಮೂರು ಗುಂಟೆ ಇರುವವರು ಪೆಟ್ರೋಲ್ ಯಂತ್ರದ ಗೊಡವೆಗೇ ಹೋಗಬೇಕಿಲ್ಲ. ಹದವಾದ ಕತ್ತಿ, ಹೆಚ್ಚೆಂದರೆ ಬ್ಯಾಟರಿಯ ಸಣ್ಣ ಯಂತ್ರ ಸಾಕು. ಬ್ಯಾಟರಿಯ ಮಿತಿ ಮಾತ್ರ ತಿಳಿದಿರಲಿ: 21 ವೋಲ್ಟ್, 4 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 84 ವಾಟ್-ಗಂಟೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಾಖವಿದೆ. ಸಣ್ಣ ಎಂಜಿನ್ ಅದರಲ್ಲಿ ಆರನೆಯ ಒಂದು ಪಾಲನ್ನಷ್ಟೇ ಕೆಲಸಕ್ಕೆ ಬಳಸಿದರೂ ಒಂದೂವರೆ ಯೂನಿಟ್, ಅಂದರೆ ಅಂಥ ಹದಿನೇಳು-ಹದಿನೆಂಟು ಬ್ಯಾಟರಿ! ವಯರು ಎಳೆದು ಓಡಿಸುವ ವಿದ್ಯುತ್ ಯಂತ್ರ ಅಗ್ಗವೇನೋ ಹೌದು. ಆದರೆ ಒದ್ದೆ ಹುಲ್ಲಿನಲ್ಲಿ ತನ್ನ ವಯರನ್ನೇ ಕತ್ತರಿಸುವ ಯಂತ್ರವನ್ನು ನಮ್ಮ ಮಳೆಗಾಲಕ್ಕೆ ನಾನು ಯಾರಿಗೂ ಹೇಳಲಾರೆ.

ಅವರ್ಸಾ, ಬೆಳಂಬರದ ಕಡೆಯ ಹತ್ತಿಪ್ಪತ್ತು ಗುಂಟೆಯ ತೆಂಗಿನ ಹಿತ್ತಲಿಗೆ ಬಾಡಿಗೆಯೇ ಸರಿ. ಇಲ್ಲವೇ ಅಕ್ಕಪಕ್ಕದ ಮೂರು ಮನೆಯವರು ಸೇರಿ ನಾಲ್ಕು ಸ್ಟ್ರೋಕಿನದೊಂದನ್ನು ಕೊಳ್ಳಬಹುದು. ಆದರೆ ಪೆಟ್ರೋಲು, ಎಣ್ಣೆಯ ಹೊಣೆಯನ್ನು ಒಬ್ಬರೇ ಹೊರಬೇಕು; ಮೂವರದೂ ಆದ ಯಂತ್ರದ ಎಣ್ಣೆ ಬದಲಿಸುವವರು ಯಾರೂ ಇರುವುದಿಲ್ಲ. ಹಿಲ್ಲೂರು, ಅಚವೆ ಕಡೆಯ ಎಕರೆಗಟ್ಟಲೆ ಅಡಿಕೆ ತೋಟದವರಿಗೆ ಸ್ವಂತದ್ದೇ ಬೇಕು. ಇಳಿಜಾರಿನಲ್ಲಿ, ಸಾಲುಗಳ ನಡುವೆ ದಿನವಿಡೀ ಓಡಾಡುವುದಾದರೆ ಎಂಜಿನ್ ಬೆನ್ನ ಮೇಲಿರುವ ಮಾದರಿ ಅನುಕೂಲ. ಅದು ತೂಕದಲ್ಲಿ ಎರಡು-ಮೂರು ಕಿಲೋ ಹೆಚ್ಚಿದ್ದರೂ ಭಾರ ಎರಡೂ ಹೆಗಲಿಗೆ ಹಂಚುತ್ತದೆ. ಅಂಗಡಿಯಲ್ಲಿ ಪಟ್ಟಿ ಬಿಗಿದು ಹತ್ತು ನಿಮಿಷ ಹೊತ್ತು ನಿಂತು ನೋಡದೆ ಕೊಳ್ಳಬೇಡಿ. ಒಂದು ನಿಮಿಷಕ್ಕೆ ಎಲ್ಲವೂ ಹಗುರವೇ.

ಕೃಷಿಭೂಮಿ ಇರುವವರು ಅಂಗಡಿಗೆ ಹೋಗುವ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಇಂಥ ಯಂತ್ರಗಳಿಗೆ ಸಾಮಾನ್ಯ ವರ್ಗದ ರೈತರಿಗೆ ಶೇ. 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 90ರವರೆಗೆ ಸಹಾಯಧನ ಕೊಡುತ್ತ ಬಂದಿದ್ದಾರೆ. ಮಿತಿಯೂ ಉಂಟು, ಆ ವರ್ಷದ ಅನುದಾನ ಮುಗಿದರೆ ಕಾಯಬೇಕಾದದ್ದೂ ಉಂಟು. ಪಹಣಿ, ಆಧಾರ್, ಬ್ಯಾಂಕಿನ ಪಾಸ್‌ಪುಸ್ತಕ ಜೊತೆಗಿರಲಿ. ಇಲಾಖೆ ಒಪ್ಪಿದ ಮಾದರಿ, ಒಪ್ಪಿದ ಮಾರಾಟಗಾರರಿಗೆ ಮಾತ್ರ ಇದು ಸಲ್ಲುತ್ತದೆ. ಮೊದಲು ಕೊಂಡು ಆಮೇಲೆ ಬಿಲ್ಲು ಹಿಡಿದು ಹೋದರೆ ಬರಿಗೈ.

ಬಿಡಿಭಾಗದ ಮಾತನ್ನೂ ಅಂಗಡಿಯಲ್ಲೇ ಕೇಳಿ. ಎಳೆಯುವ ಹಗ್ಗ, ಪ್ಲಗ್, ಗಾಳಿ ಸೋಸುವ ಸ್ಪಂಜು, ಕಾರ್ಬೊರೇಟರಿನ ಪೊರೆ, ಇವು ನಾಲ್ಕೂ ಕಾರವಾರದಲ್ಲೋ ಅಂಕೋಲಾದಲ್ಲೋ ಸಿಗುತ್ತವೆಯೇ, ಇಲ್ಲ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕೇ? ಉತ್ತರ ತಡವರಿಸಿದರೆ ಬೇರೆ ಯಂತ್ರ ನೋಡಿ. ನಮ್ಮ ಉಪ್ಪುಗಾಳಿಗೆ ತಂತಿ, ಸ್ಕ್ರೂ ಎಲ್ಲ ಬೇಗ ತುಕ್ಕು ಹಿಡಿಯುತ್ತವೆ.

ಕೊನೆಯದಾಗಿ ಅಕ್ಟೋಬರಿನ ಕೆಲಸ. ಹುಲ್ಲು ಬೀಜ ಕಟ್ಟುವ ಮೊದಲು ಕಡೆಯ ಕೊಯ್ಲು ಮುಗಿಸಿ, ಬೇರು ಕೀಳದೆ ನೆಲಕ್ಕೆ ನಾಲ್ಕು ಬೆರಳು ಮೇಲೆಯೇ ಕೊಯ್ಯಿರಿ. ಮುಂದಿನ ಜೂನಿನ ಮಳೆಗೆ ಮಣ್ಣು ಹಿಡಿದಿಡುವುದು ಆ ಬೇರುಗಳೇ. ಯಂತ್ರವನ್ನು ಒರೆಸಿ, ಟಾಕಿಯ ಪೆಟ್ರೋಲನ್ನೆಲ್ಲ ತೆಗೆದು, ಮತ್ತೆ ಚಾಲೂ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ನೀರು ಬೇರ್ಪಟ್ಟು ತಳಕ್ಕಿಳಿದು ಕಾರ್ಬೊರೇಟರಿನ ಸಣ್ಣ ರಂಧ್ರ ಕಟ್ಟಿಕೊಳ್ಳುತ್ತದೆ, ರಬ್ಬರ್ ಭಾಗಗಳು ಉಬ್ಬುತ್ತವೆ. ಜೂನಿನಲ್ಲಿ ಹಗ್ಗ ಎಳೆದೆಳೆದು ಕೈ ಸೋಲುವುದಕ್ಕೆ ಮುಖ್ಯ ಕಾರಣ ಇದು. ಹೊರತೆಗೆದ ಪೆಟ್ರೋಲ್ ನಾಲ್ಕು ಸ್ಟ್ರೋಕಿನ ಯಂತ್ರದ್ದಾದರೆ ಅಂದೇ ಬೈಕಿಗೆ ಹಾಕಬಹುದು. ಎಣ್ಣೆ ಬೆರೆಸಿದ್ದಾದರೆ ಬೈಕಿಗೆ ಬೇಡ. ಊರಿನಲ್ಲಿ ಇನ್ನೂ ಕೊಯ್ಲು ಮುಗಿಸದ ಇಂಥದೇ ಯಂತ್ರದವರಿಗೆ ಕೊಟ್ಟುಬಿಡಿ.